ಐಟಿಆರ್ ಸಲ್ಲಿಕೆ ಉಚಿತ, ಆದರೂ ದುಡ್ಡು ಕೊಡುವುದೇಕೆ? ಥಾಣೆ-ಡೊಂಬಿವಲಿ ಕನ್ನಡಿಗರು ತಿಳಿಯಬೇಕಾದ ಲೆಕ್ಕ

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಗಡುವು 2025ರಲ್ಲಿ ಜುಲೈ 31ರ ಬದಲು ಸೆಪ್ಟೆಂಬರ್ 15ಕ್ಕೆ ಮುಂದೆ ಹೋಗಿತ್ತು. ಬೆಳಗ್ಗೆ ಲೋಕಲ್ ಹಿಡಿದು ರಾತ್ರಿ ಮನೆ ಸೇರುವ ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ನೌಕರರಿಗೆ ಒಂದೂವರೆ ತಿಂಗಳು ಹೆಚ್ಚಿಗೆ ಸಿಕ್ಕಿತ್ತು. ಆದರೆ ಬಹುತೇಕರ ಪ್ರಶ್ನೆ ದಿನಾಂಕದ ಬಗ್ಗೆ ಅಲ್ಲ. ಫಾರ್ಮ್ 16 ಕೈಯಲ್ಲಿದೆ, ಮೊಬೈಲ್ ಇದೆ, ಆ್ಯಪ್‌ಗಳ ಜಾಹೀರಾತು ಬರುತ್ತಲೇ ಇವೆ. ಯಾವುದರಲ್ಲಿ ಸಲ್ಲಿಸಬೇಕು? ದುಡ್ಡು ಕೊಡಲೇಬೇಕೇ?

ಉತ್ತರ ಸರಳ: ಬೇಕಿಲ್ಲ. ಆದರೆ ಉಚಿತ ಎಂದ ಮಾತ್ರಕ್ಕೆ ಎಲ್ಲವೂ ಸುಲಭ ಎಂದಲ್ಲ. ಎಲ್ಲಿ ಎಡವುತ್ತೇವೆ ಎಂಬುದನ್ನು ತಿಳಿದುಕೊಂಡರೆ ಸಾಕು.

ಸರ್ಕಾರದ ತಂತ್ರಾಂಶಕ್ಕೆ ನಾವು ಈಗಾಗಲೇ ದುಡ್ಡು ಕೊಟ್ಟಿದ್ದೇವೆ

ಈಗಿನ ಇ-ಫೈಲಿಂಗ್ ಪೋರ್ಟಲ್ ಶುರುವಾದದ್ದು 2021ರ ಜೂನ್ 7ರಂದು. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಈ ಯೋಜನೆಗೆ 2019ರಲ್ಲಿ ಕೇಂದ್ರ ಸಂಪುಟ ಸುಮಾರು 4,242 ಕೋಟಿ ರೂ. ಮಂಜೂರು ಮಾಡಿತ್ತು. ಆರಂಭದಲ್ಲಿ ಪೋರ್ಟಲ್ ಎಷ್ಟು ಕಾಡಿತೆಂದರೆ ಆ ಆಗಸ್ಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಇನ್ಫೋಸಿಸ್ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನೇ ಕರೆಸಿ ವಿವರಣೆ ಕೇಳಿದ್ದರು. ಆ ದಿನಗಳ ಕಿರಿಕಿರಿಯೇ ಅನೇಕರನ್ನು ಖಾಸಗಿ ಆ್ಯಪ್‌ಗಳ ಕಡೆ ತಿರುಗಿಸಿತು.

ಈಗ ಸ್ಥಿತಿ ಸುಧಾರಿಸಿದೆ. 2024ರ ಜುಲೈ 31ರ ಒಂದೇ ದಿನ 69.92 ಲಕ್ಷ ರಿಟರ್ನ್ಸ್ ಸಲ್ಲಿಕೆಯಾದವು. ಆ ಗಡುವಿನೊಳಗೆ ಬಂದದ್ದು ಒಟ್ಟು 7.28 ಕೋಟಿ. ನಿಮ್ಮ ಸಂಬಳ, ಟಿಡಿಎಸ್, ಬ್ಯಾಂಕ್ ಬಡ್ಡಿಯ ಬಹುಪಾಲು ವಿವರ ಪೋರ್ಟಲ್‌ನಲ್ಲಿ ಮೊದಲೇ ತುಂಬಿರುತ್ತದೆ. ಹಳೆಯ ಮತ್ತು ಹೊಸ ಪದ್ಧತಿಯಲ್ಲಿ ಎಷ್ಟೆಷ್ಟು ತೆರಿಗೆ ಎಂದು ಹೋಲಿಸಿ ನೋಡಬಹುದು. ಇಂಟರ್‌ನೆಟ್ ಕೈಕೊಡುವ ಕಡೆ ಕಂಪ್ಯೂಟರ್‌ಗೆ ಇಳಿಸಿಕೊಂಡು ತುಂಬುವ ಉಚಿತ ಯುಟಿಲಿಟಿಯೂ ಇದೆ. ಥಾಣೆಯಿಂದ ಸಲ್ಲಿಸಿದರೂ ತುಮಕೂರಿನಿಂದ ಸಲ್ಲಿಸಿದರೂ ಪರಿಶೀಲನೆ ನಡೆಯುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲೇ. ಖಾಸಗಿ ಆ್ಯಪ್‌ನಲ್ಲಿ ಸಲ್ಲಿಸಿದ ಮಾತ್ರಕ್ಕೆ ರೀಫಂಡ್ ಬೇಗ ಬರುವುದಿಲ್ಲ.

ಖಾಸಗಿ ಆ್ಯಪ್ ಯಾರಿಗೆ ಬೇಕು?

ಕ್ಲಿಯರ್‌ಟ್ಯಾಕ್ಸ್, ಕ್ವಿಕೊ, ಟ್ಯಾಕ್ಸ್‌2ವಿನ್, ಟ್ಯಾಕ್ಸ್‌ಬಡ್ಡಿಯಂಥ ವೇದಿಕೆಗಳು ಮಾರುವುದು ಮುಖ್ಯವಾಗಿ ಅನುಕೂಲವನ್ನು. ಫಾರ್ಮ್ 16 ಅಪ್‌ಲೋಡ್ ಮಾಡಿದರೆ ಅದನ್ನು ಓದಿಕೊಳ್ಳುತ್ತವೆ, ಷೇರು ವಹಿವಾಟಿನ ಪಟ್ಟಿಯನ್ನು ಒಟ್ಟಿಗೆ ಸೇರಿಸುತ್ತವೆ, ಹೆಚ್ಚು ಕೊಟ್ಟರೆ ತಜ್ಞರ ನೆರವನ್ನೂ ಕೊಡುತ್ತವೆ.

ಒಬ್ಬರೇ ಮಾಲೀಕರ ಕೈಕೆಳಗೆ ಕೆಲಸ, 50 ಲಕ್ಷ ರೂ. ಒಳಗಿನ ಆದಾಯ, ಒಂದು ಮನೆ, ಸ್ವಲ್ಪ ಬಡ್ಡಿ ಇಷ್ಟೇ ಇದ್ದರೆ ಐಟಿಆರ್-1 ಸಹಜ್ ಸಾಕು. ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್‌ನಲ್ಲಿ 1.25 ಲಕ್ಷ ರೂ. ತನಕದ ದೀರ್ಘಾವಧಿ ಲಾಭವನ್ನೂ 2025ರಿಂದ ಇದೇ ಫಾರ್ಮ್‌ನಲ್ಲಿ ತೋರಿಸಬಹುದು. ಇಂಥವರು ಆ್ಯಪ್‌ಗೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ವರ್ಷವಿಡೀ ಷೇರು ಕೊಂಡು ಮಾರಿದವರು, ಊರಲ್ಲಿ ಜಾಗ ಮಾರಿದವರು ಮಾತ್ರ ಐಟಿಆರ್-2 ತುಂಬಬೇಕು. ಅವರಿಗೆ ಆ್ಯಪ್ ಅಥವಾ ಸಿಎ ಶುಲ್ಕ ದಂಡವಲ್ಲ.

ಹೋಟೆಲ್, ಕ್ಯಾಂಟೀನ್, ಅಂಗಡಿ ನಡೆಸುವವರಿಗೆ ಐಟಿಆರ್-4 ಸುಗಮ್ ಇದೆ. 2 ಕೋಟಿ ರೂ. ತನಕದ ವಹಿವಾಟಿಗೆ ನಗದಿನಲ್ಲಿ ಬಂದದ್ದರ ಶೇ. 8, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದದ್ದರ ಶೇ. 6 ಲಾಭ ಎಂದು ತೋರಿಸಿದರೆ ಲೆಕ್ಕಪುಸ್ತಕದ ತಲೆನೋವಿಲ್ಲ. ಇದೂ ಪೋರ್ಟಲ್‌ನಲ್ಲಿ ಉಚಿತ.

ತಂತ್ರಾಂಶ ಹೇಳದ ಸ್ಥಳೀಯ ಲೆಕ್ಕ

ನಮ್ಮ ಭಾಗದವರು ಹೆಚ್ಚಾಗಿ ತಪ್ಪುವುದು ಎಚ್‌ಆರ್‌ಎ ಕಾಲಂನಲ್ಲಿ. 2024-25ರ ಆದಾಯಕ್ಕೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈನಲ್ಲಿ ಮೂಲ ವೇತನದ ಶೇ. 50ರ ತನಕ, ಉಳಿದೆಡೆ ಶೇ. 40ರ ತನಕ ಇತ್ತು. ನಿಯಮ ನೋಡುವುದು ಕಚೇರಿ ಎಲ್ಲಿದೆ ಎಂಬುದನ್ನಲ್ಲ, ಬಾಡಿಗೆ ಮನೆ ಎಲ್ಲಿದೆ ಎಂಬುದನ್ನು. ಅಂಧೇರಿಯಲ್ಲಿ ಕೆಲಸ, ಥಾಣೆಯಲ್ಲಿ ಮನೆ ಇದ್ದರೆ ಶೇ. 40 ಮಾತ್ರ. ಆ್ಯಪ್ ‘ಮೆಟ್ರೋ ನಗರವೇ’ ಎಂದು ಕೇಳುತ್ತದೆ, ನಾವು ಮುಂಬಯಿ ತಾನೇ ಎಂದು ‘ಹೌದು’ ಒತ್ತುತ್ತೇವೆ.

ಉದಾಹರಣೆಗೆ, ತಿಂಗಳಿಗೆ ಮೂಲ ವೇತನ 40 ಸಾವಿರ, ಎಚ್‌ಆರ್‌ಎ 20 ಸಾವಿರ, ಬಾಡಿಗೆ 24 ಸಾವಿರ ರೂ. ಎಂದಿಟ್ಟುಕೊಳ್ಳಿ. ಥಾಣೆಯ ಮನೆಗೆ ಸಿಗುವ ವಿನಾಯಿತಿ 16 ಸಾವಿರ. ಮೆಟ್ರೋ ಎಂದು ಒತ್ತಿದರೆ 20 ಸಾವಿರ ತೋರಿಸುತ್ತದೆ. ವರ್ಷಕ್ಕೆ 48 ಸಾವಿರ ರೂ. ತಪ್ಪು ವಿನಾಯಿತಿ. ಶೇ. 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಸುಮಾರು 10 ಸಾವಿರ ರೂ. ತೆರಿಗೆಯ ವ್ಯತ್ಯಾಸ. ಯಾವ ತಂತ್ರಾಂಶ ಬಳಸಿದರೂ ಇದಕ್ಕೆ ಉತ್ತರ ಕೊಡಬೇಕಾದವರು ನೀವೇ.

ಇನ್ನೊಂದು ಮಾತು. ಎಚ್‌ಆರ್‌ಎ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ, ಮತ್ತು ಹಳೆಯ ಪದ್ಧತಿ ಆಯ್ದುಕೊಳ್ಳಲು ಗಡುವಿನೊಳಗೆ ಸಲ್ಲಿಸಿರಬೇಕು. ಗಡುವು ದಾಟಿದರೆ 5 ಲಕ್ಷ ರೂ. ಮೀರಿದ ಆದಾಯಕ್ಕೆ 5 ಸಾವಿರ ರೂ. ವಿಳಂಬ ಶುಲ್ಕದ ಜತೆಗೆ ಈ ಆಯ್ಕೆಯೂ ಕೈತಪ್ಪುತ್ತದೆ. ಹಾಗೆಯೇ ‘12 ಲಕ್ಷದ ತನಕ ತೆರಿಗೆ ಇಲ್ಲ’ ಎಂಬ ಬಜೆಟ್ ಘೋಷಣೆ 2024-25ರ ಆದಾಯಕ್ಕೆ ಅನ್ವಯಿಸುತ್ತಿರಲಿಲ್ಲ. ಆ ವರ್ಷದ ಮಿತಿ ಹೊಸ ಪದ್ಧತಿಯಲ್ಲಿ 7 ಲಕ್ಷ ರೂ. ಆಗಿತ್ತು.

ಅಗ್ಗದ ಏಜೆಂಟ್ ದುಬಾರಿಯಾದಾಗ

ಆ್ಯಪ್‌ಗಿಂತ ದೊಡ್ಡ ಅಪಾಯ ಬೇರೆ ಇದೆ. ‘ರೀಫಂಡ್ ತೆಗೆಸಿಕೊಡುತ್ತೇನೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವ ಏಜೆಂಟರು. ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಬಾಡಿಗೆ ತೋರಿಸಿ ಇವರು ರಿಟರ್ನ್ಸ್ ತುಂಬುತ್ತಾರೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥವರ ವಿರುದ್ಧ ದೇಶದ 150 ಕಡೆ ಪರಿಶೀಲನೆ ನಡೆಸಿತು. ಪಟ್ಟಿಯಲ್ಲಿ ಮಹಾರಾಷ್ಟ್ರವೂ ಇತ್ತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40 ಸಾವಿರ ಮಂದಿ 1,045 ಕೋಟಿ ರೂ. ಸುಳ್ಳು ಕ್ಲೇಮ್ ಹಿಂಪಡೆದಿದ್ದಾರೆ ಎಂದು ಇಲಾಖೆ ತಿಳಿಸಿದೆ. ಸುಳ್ಳು ಲೆಕ್ಕ ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ. ನೋಟಿಸ್ ಬರುವುದು ಏಜೆಂಟರ ಹೆಸರಿಗಲ್ಲ, ನಿಮ್ಮ ಪ್ಯಾನ್‌ಗೆ.

ಅಮೆರಿಕದ ಪಾಠ

‘ಉಚಿತ’ ಎಂಬ ಪದದ ಜಗಳ ಅಮೆರಿಕದಲ್ಲೂ ಇದೆ. ಟರ್ಬೋಟ್ಯಾಕ್ಸ್ ಕಂಪನಿ ಇಂಟ್ಯೂಟ್, ಉಚಿತವೆಂದು ಜನರನ್ನು ಸೆಳೆದು ದುಡ್ಡು ಪಡೆದ ಆರೋಪದಲ್ಲಿ 2022ರಲ್ಲಿ 14.1 ಕೋಟಿ ಡಾಲರ್ ಕೊಟ್ಟು ರಾಜ್ಯಗಳೊಂದಿಗೆ ಇತ್ಯರ್ಥ ಮಾಡಿಕೊಂಡಿತು. ಅಲ್ಲಿನ ಸರ್ಕಾರ ತನ್ನದೇ ಉಚಿತ ತಂತ್ರಾಂಶವನ್ನು ಪ್ರಯೋಗಕ್ಕೆ ತಂದದ್ದು 2024ರಲ್ಲಿ, ಅದೂ 12 ರಾಜ್ಯಗಳಲ್ಲಿ. ಈ ವಿಷಯದಲ್ಲಿ ನಾವು ಮುಂದಿದ್ದೇವೆ. ನಮ್ಮಲ್ಲಿ ಕೊರತೆ ಇರುವುದು ತಂತ್ರಾಂಶದಲ್ಲಲ್ಲ, ಅರ್ಥವಾಗುವ ಭಾಷೆಯಲ್ಲಿ ಪಕ್ಕದಲ್ಲಿ ಕೂತು ಹೇಳಿಕೊಡುವವರಲ್ಲಿ. ಕಂಪನಿ ಕೊಡುವ ಫಾರ್ಮ್ 16 ಇಂಗ್ಲಿಷ್‌ನಲ್ಲಿ, ಸುತ್ತಲಿನ ಬೋರ್ಡ್‌ಗಳು ಮರಾಠಿಯಲ್ಲಿ. ಊರಿಂದ ಬಂದು ಇಲ್ಲಿ ದುಡಿಯುವವರು ಏಜೆಂಟರ ಬಳಿ ಹೋಗುವುದು ಸೋಮಾರಿತನದಿಂದಲ್ಲ, ತಪ್ಪಾದೀತೆಂಬ ಭಯದಿಂದ. ಇಲ್ಲಿನ ಕನ್ನಡ ಸಂಘಗಳು ಗಡುವಿನೊಳಗೆ ಒಂದು ಭಾನುವಾರ ಇದಕ್ಕೆ ಮೀಸಲಿಟ್ಟರೂ ಎಷ್ಟೋ ಮನೆಗಳ ದುಡ್ಡು ಉಳಿದೀತು.

ಸಲ್ಲಿಸುವ ಮುನ್ನ

* ಫಾರ್ಮ್ 16 ಅನ್ನು ಪೋರ್ಟಲ್‌ನ 26ಎಎಸ್ ಮತ್ತು ಎಐಎಸ್ ಜತೆ ತಾಳೆ ನೋಡಿ.
* ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಇರಲಿ. ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ.
* ಖಾಸಗಿ ಆ್ಯಪ್ ಬಳಸುವುದಾದರೆ ಕೊನೆಯ ಪುಟದ ಶುಲ್ಕವನ್ನು ಮೊದಲೇ ವಿಚಾರಿಸಿ.
* ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡಿ. ಇದನ್ನು ಮರೆತರೆ ಸಲ್ಲಿಸಿದ್ದೂ ಲೆಕ್ಕಕ್ಕೆ ಬಾರದು.