ಓಟಕ್ಕೆ ಶೂ ಬೇಕು, ಕಂಪೆನಿಯ ಹೆಸರು ಕಡ್ಡಾಯವಾಗದಿರಲಿ

ಜನವರಿ ಹತ್ತಿರ ಬಂತೆಂದರೆ ಮುಂಬಯಿ ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ಓಟದ ಸಡಗರ. ಒಂದೆಡೆ ವಾರ್ಷಿಕ ಕ್ರೀಡಾಕೂಟಗಳು, ಇನ್ನೊಂದೆಡೆ 2004ರಲ್ಲಿ ಆರಂಭವಾಗಿ ಮಹಾನಗರದ ಹಬ್ಬವೇ ಆಗಿಬಿಟ್ಟಿರುವ ಮುಂಬಯಿ ಮ್ಯಾರಥಾನ್. ಸಂಘದ ಹೆಸರಿನ ಟೀಶರ್ಟ್ ಧರಿಸಿ ನಮ್ಮ ಯುವಕರು, ಮಹಿಳೆಯರು, ನಿವೃತ್ತರು ಕೂಡಾ ರಸ್ತೆಗಿಳಿಯುತ್ತಿರುವುದು ಸಂತಸದ ಸಂಗತಿ.

ಆದರೆ ಉಪನಗರದ ಒಂದು ಸಂಘದ ಸಭೆಯಲ್ಲಿ ಕೇಳಿಬಂದ ಸೂಚನೆ ಯೋಚಿಸುವಂತಿದೆ. ಮ್ಯಾರಥಾನ್ ತಂಡಕ್ಕೆ ಸೇರುವವರು ಹೆಸರಾಂತ ಕಂಪೆನಿಯ ರನ್ನಿಂಗ್ ಶೂ ಧರಿಸಿಯೇ ಬರಬೇಕು, ಸಾದಾ ಶೂನವರು ಬೇಡ ಎಂದು ಪದಾಧಿಕಾರಿಯೊಬ್ಬರು ಹೇಳಿದರು. ಮರುವಾರದ ಅಭ್ಯಾಸಕ್ಕೆ ಹೊಟೇಲಿನಲ್ಲಿ ದುಡಿಯುವ ಇಬ್ಬರು ಹುಡುಗರು ಬರಲಿಲ್ಲ. ಅವರ ಕಾಲಲ್ಲಿದ್ದುದು ಬಿಳಿ ಕ್ಯಾನ್ವಾಸ್ ಶೂ. ತಂಡದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವರೂ ಅವರೇ.

ಸೂಚನೆ ನೀಡಿದವರ ಉದ್ದೇಶ ಕೆಟ್ಟದ್ದೇನಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಕ್ಯಾನ್ವಾಸ್ ಶೂಗೆ ಇರುವುದು ಚಪ್ಪಟೆ ರಬ್ಬರಿನ ತಳ. ಪೇಟೆಯಲ್ಲಿ ಓಡಾಡಲು ತೊಡುವ ಸ್ನೀಕರ್ ನೋಡಲು ಚೆಂದ, ಆದರೆ ಸಾಮಾನ್ಯವಾಗಿ ಭಾರ. ರನ್ನಿಂಗ್ ಶೂನಲ್ಲಿ ಕಾಲಿಗೂ ನೆಲಕ್ಕೂ ನಡುವೆ ಹಗುರವಾದ ಫೋಮ್ ಪದರ, ಮೇಲೆ ಗಾಳಿಯಾಡುವ ಜಾಳಿಗೆ ಬಟ್ಟೆ. ಶೂ ಒಂದರ ತೂಕ 100 ಗ್ರಾಂ ಹೆಚ್ಚಿದರೆ ಓಟಕ್ಕೆ ವ್ಯಯವಾಗುವ ಶಕ್ತಿ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ನೂರು ಮೀಟರಿಗೆ ಇದು ಲೆಕ್ಕಕ್ಕಿಲ್ಲ. 21 ಕಿ.ಮೀ. ಕಾಂಕ್ರೀಟ್ ರಸ್ತೆಯಲ್ಲಿ, ಮುಂಬಯಿಯ ಬೆವರಿನಲ್ಲಿ, ಲೆಕ್ಕಕ್ಕಿದೆ. ವಾರಕ್ಕೆ ಮೂರು-ನಾಲ್ಕು ದಿನ ದೂರ ಓಡುವವರಿಗೆ ರನ್ನಿಂಗ್ ಶೂ ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಅದನ್ನು ಧರಿಸಿದರೆ ಮೊಣಕಾಲಿಗೆ ಪೆಟ್ಟಾಗದು ಎಂಬ ಮಾತಿಗೆ ಆಧಾರ ಸಾಲದು. 11 ಸಾವಿರಕ್ಕೂ ಮಿಕ್ಕಿದ ಜನರನ್ನು ಒಳಗೊಂಡ 12 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2022ರ ವರದಿಗೆ, ಇಂಥ ಶೂನಿಂದ ಗಾಯ ತಪ್ಪುತ್ತದೆ ಎನ್ನಲು ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಅಂಗಡಿಯವರು ಪಾದ ನೋಡಿ, ಚಪ್ಪಟೆ ಪಾದಕ್ಕೆ ಒಂದು, ಕಮಾನು ಪಾದಕ್ಕೆ ಇನ್ನೊಂದು ಎಂದು ದುಬಾರಿ ಶೂ ಎದುರಿಗಿಡುತ್ತಾರಲ್ಲ, ಅಮೆರಿಕದ ಸೇನಾ ತರಬೇತಿಯಲ್ಲಿ ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಪಾದಕ್ಕೆ ತಕ್ಕ ಶೂ ಕೊಟ್ಟ ಗುಂಪಿಗೂ ಎಲ್ಲರಿಗೂ ಒಂದೇ ಬಗೆಯದ್ದು ಕೊಟ್ಟ ಗುಂಪಿಗೂ ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇಗ ಬಲಿಯಬೇಕೆಂದು ಒಮ್ಮೆಲೇ ದೂರ ಹೆಚ್ಚಿಸಿಕೊಂಡು ನೋವು ತಂದುಕೊಳ್ಳುವವರನ್ನು ಯಾವ ಶೂ ತಾನೇ ಕಾಪಾಡೀತು?

ಇಥಿಯೋಪಿಯದ ಅಬೇಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲಿ. ಸಿಕ್ಕಿದ ಶೂ ಕಾಲಿಗೆ ಹೊಂದಲಿಲ್ಲ ಎಂಬುದೇ ಕಾರಣ. 1964ರಲ್ಲಿ ಟೋಕಿಯೊದಲ್ಲಿ ಹೊಂದುವ ಶೂ ಧರಿಸಿ, ಮೂರು ನಿಮಿಷ ಬೇಗನೆ ಓಡಿ ಮತ್ತೆ ಗೆದ್ದರು. ನಮ್ಮವರೇ ಆದ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೆ ಹೆಸರಾದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಸ್ಥಾಪಿಸಿದ 2 ಗಂಟೆ 12 ನಿಮಿಷಗಳ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಊರಿನ ಕಂಬಳದ ಓಟಗಾರರಿಗಂತೂ ಶೂ ಎಂಬುದೇ ಅಡ್ಡಿ. ಹಾಗೆಂದು ಕೆಸರುಗದ್ದೆಯ ನ್ಯಾಯವನ್ನು ಪೆಡ್ಡರ್ ರೋಡಿಗೆ ತರುವಂತಿಲ್ಲ. ಬಾಟಲಿ ಚೂರು, ಕಾದ ಡಾಂಬರು ನಮಗೆ ಗೊತ್ತಿದ್ದದ್ದೇ.

ಇನ್ನು ಬೆಲೆಯ ಮಾತು. ಒಳಗೆ ಕಾರ್ಬನ್ ಹಾಳೆಯಿರುವ ಹತ್ತಿಪ್ಪತ್ತು ಸಾವಿರದ ಶೂಗಳು ದಾಖಲೆಗಾಗಿ ಓಡುವವರಿಗೆ ಇರಲಿ. ಕಾಲಿಗೆ ಹಿತವೆನಿಸಿದ್ದನ್ನೇ ಆರಿಸಿ ಎಂದು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ತಜ್ಞ ಬೆನ್ನೊ ನಿಗ್ ಹೇಳಿದ್ದಾರೆ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಆಗ ಅಂಗಡಿಗೆ ಹೋಗಿ ಕಾಲುಚೀಲ ಹಾಕಿಯೇ ತೊಟ್ಟು, ಬೆರಳ ತುದಿಯಲ್ಲಿ ಹೆಬ್ಬೆರಳಗಲ ಜಾಗ ಉಳಿದಿದೆಯೇ ನೋಡಿ, ನಾಲ್ಕು ಹೆಜ್ಜೆ ಓಡಿಯೇ ಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನ ಜೋಡಿಗೆ ಜಿಎಸ್‌ಟಿ ಶೇ. 5, ಅದಕ್ಕೂ ಮೇಲಾದರೆ ಶೇ. 18. ಆ ಮಿತಿಯೊಳಗೆ ಹುಡುಕಿದರೆ ಓಡಲು ಯೋಗ್ಯವಾದ ಜೋಡಿ ಸಿಗುತ್ತದೆ. ಐನೂರರಿಂದ ಎಂಟುನೂರು ಕಿ.ಮೀ. ಓಡಿದ ಮೇಲೆ ಅದನ್ನು ಬದಲಿಸುವುದು ವಾಡಿಕೆ. ಅಂದ ಹಾಗೆ ಕ್ರೀಡಾಕೂಟದ ಕಬಡ್ಡಿ, ಥ್ರೋಬಾಲ್, ಹಗ್ಗಜಗ್ಗಾಟಕ್ಕೆ ಅದೇ ಶೂ ಹಾಕಿ ಇಳಿಯಬೇಡಿ. ಅದರ ದಪ್ಪ ಮೆತ್ತನೆಯ ತಳ ನೇರ ಓಟಕ್ಕೆಂದು ಮಾಡಿದ್ದು. ಬದಿಗೆ ಜಿಗಿದರೆ ಹಿಮ್ಮಡಿಗಂಟು ಉಳುಕೀತು.

ಸಂಘಗಳು ಸೂಚನೆ ನೀಡುವುದಾದರೆ ಗಾತ್ರ, ಹಗುರತನ, ಹಿತದ ಬಗ್ಗೆ ನೀಡಲಿ. ಕಂಪೆನಿಯ ಹೆಸರು ಹೇಳಿ ಯಾರನ್ನೂ ಹೊರಗೆ ನಿಲ್ಲಿಸುವುದು ಬೇಡ. ಕೊಳ್ಳಲಾಗದವರಿಗೆ ಸಂಘವೇ ಕೊಡಿಸಬಹುದಲ್ಲ! ಒಂದೊಂದು ಸಮಾರಂಭದಲ್ಲಿ ಎಷ್ಟು ಶಾಲು, ಎಷ್ಟು ಹಾರ, ಎಷ್ಟು ಸ್ಮರಣಿಕೆ ಎಂಬುದು ಸದಸ್ಯರೆಲ್ಲರಿಗೂ ಗೊತ್ತು. ಅದರಲ್ಲಿ ನಾಲ್ಕನ್ನು ಕಡಿಮೆ ಮಾಡಿದರೆ ಎರಡು ಜೋಡಿ ಶೂಗೆ ದಾರಿಯಾದೀತು. ಮುಂದಿನ ರವಿವಾರದ ಅಭ್ಯಾಸಕ್ಕೆ ಆ ಇಬ್ಬರು ಹುಡುಗರನ್ನು ಪದಾಧಿಕಾರಿಗಳೇ ಹೊಟೇಲಿಗೆ ಹೋಗಿ ಕರೆದುಕೊಂಡು ಬರಲಿ.