ಹೊಸನೀರಿನ ಹೊತ್ತಿಗೆ ಹೆಣ್ಣುಮೀನಿನ ಯಕೃತ್ತು

ಮುಂಗಾರಿನ ಜೋರು ಮಳೆಗೆ ಕೆಂಪು ನೀರು ಕೆರೆಗೆ ಇಳಿದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹುಡುಗರು ಕೋಡಿಯತ್ತ ಓಡುತ್ತಾರೆ. ಹೊಸನೀರಿಗೆ ಮೀನು ಹತ್ತುವ ಕಾಲ ಅದು. ಆಗ ಸಿಕ್ಕ ಹೆಣ್ಣು ಪಕ್ಕೆ ಮೀನಿನ ಹೊಟ್ಟೆ ಸೀಳಿದರೆ ಕರುಳಿಗೂ ಜಾಗವಿಲ್ಲದಷ್ಟು ಮೊಟ್ಟೆ. ಆ ಮೊಟ್ಟೆಗಳಿಗೆ ಬೇಕಾದ ಆಹಾರ ತಯಾರಾಗುವುದು ಅಂಡಾಶಯದಲ್ಲಲ್ಲ, ಯಕೃತ್ತಿನಲ್ಲಿ.

ಮೈಗೆ ಸೇರಿದ ವಿಷವನ್ನು ಒಡೆಯಬೇಕಾದದ್ದೂ ಅದೇ ಯಕೃತ್ತು. ಮೊಟ್ಟೆ ಬಲಿಯುವಾಗ ಈಸ್ಟ್ರಡಿಯಾಲ್ ಹಾರ್ಮೋನು ಏರುತ್ತದೆ. ಆಗ ಯಕೃತ್ತು ಮೊಟ್ಟೆಗೆ ಆಹಾರವಾಗುವ ವಿಟೆಲ್ಲೊಜೆನಿನ್ ಎಂಬ ಪ್ರೋಟೀನ್ ತಯಾರಿಕೆಗೆ ಇಳಿಯುತ್ತದೆ. ವಿಷ ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳು ಆ ಹೊತ್ತಿನಲ್ಲಿ ಹಲವು ಜಾತಿಯ ಹೆಣ್ಣುಮೀನುಗಳಲ್ಲಿ ಗಂಡಿಗಿಂತ ಕಡಿಮೆಯಾಗುತ್ತವೆ. ಮೊಟ್ಟೆ ಇಟ್ಟ ಮೇಲೆ ಈ ಅಂತರ ಕಿರಿದಾಗುತ್ತದೆ.

ಇತ್ತ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿಯಾಗುವುದೂ ಇದೇ ಮಳೆಗೆ. ಶುಂಠಿ ಗದ್ದೆಗೂ ಔಷಧಿ ಬೀಳುತ್ತಿರುತ್ತದೆ. ತೊಳೆದುಹೋದದ್ದು ಹಳ್ಳ ಹಿಡಿದು ಕೆರೆಗೆ, ಲಕ್ಷ್ಮಣತೀರ್ಥಕ್ಕೆ, ಕಬಿನಿಗೆ, ಕಾವೇರಿಗೆ ಸೇರುತ್ತದೆ. ರೈತನನ್ನು ಇಲ್ಲಿ ದೂರುವಂತಿಲ್ಲ. ಬೆಳೆಯೂ ಮೀನೂ ಕಾದಿರುವುದು ಒಂದೇ ಮಳೆಗೆ.

ವಿಷ ಒಡೆಯುವ ಕಿಣ್ವ ಕಡಿಮೆಯಿರುವಾಗಲೇ ವಿಷ ಬರುತ್ತದೆ, ಹಾಗಾಗಿ ಹೆಣ್ಣಿಗೇ ಹೆಚ್ಚು ಹಾನಿ ಎಂದು ತೀರ್ಮಾನಿಸಿದರೆ ಎಡವುತ್ತೇವೆ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಇನ್ನಷ್ಟು ಘೋರ ವಿಷವಾಗುವುದು ಇದೇ ಕಿಣ್ವಗಳ ಕೈಯಲ್ಲಿ. ಕಿಣ್ವ ಕಡಿಮೆಯಿದ್ದರೆ ಆ ಬದಲಾವಣೆಯೂ ನಿಧಾನ. ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳದು ಬೇರೆ ದಾರಿ: ಅವು ಮೊಟ್ಟೆಯ ಹಳದಿಯ ಜತೆ ತಾಯಿಯ ಮೈಬಿಟ್ಟು ಹೊರಡುತ್ತವೆ. ತಾಯಿ ಹಗುರಾಗುತ್ತಾಳೆ, ಹೊರೆ ಮರಿಯ ಪಾಲಿಗೆ. ಗಂಡಿಗೆ ಆ ದಾರಿ ಇಲ್ಲ. ಹೀಗಿರುವಾಗ ಜೂನ್‌ನಲ್ಲಿ ಹಿಡಿದದ್ದು, ಡಿಸೆಂಬರ್‌ನಲ್ಲಿ ಹಿಡಿದದ್ದು, ಗಂಡು, ಹೆಣ್ಣು ಎಲ್ಲವನ್ನೂ ಒಟ್ಟಿಗೆ ಅರೆದು ಸರಾಸರಿ ತೆಗೆದರೆ ಆ ಅಂಕಿ ಯಾವ ಮೀನಿನ ಕಥೆಯನ್ನೂ ಹೇಳುವುದಿಲ್ಲ. ಕೀಟನಾಶಕ ಮೀನಿಗೆ ಎಷ್ಟು ವಿಷ ಎಂದು ನೋಡುವ 96 ಗಂಟೆಗಳ ರೂಢಿಯ ಪರೀಕ್ಷೆಯಲ್ಲೂ ಬಳಸುವುದು ಹೆಚ್ಚಾಗಿ ಇನ್ನೂ ಬಲಿಯದ ಎಳೆ ಮೀನುಗಳನ್ನೇ.

ಕೃಷ್ಣರಾಜಸಾಗರದ ನೀರನ್ನು ಪರೀಕ್ಷಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2022ರಲ್ಲಿ ಪ್ರಕಟಿಸಿದ ವರದಿ ನೆನಪಿರಬಹುದು. ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿಟ್ಟ ಜೀಬ್ರಾ ಮೀನುಗಳಲ್ಲಿ ಮೂಳೆಗಳ ವಿಕಾರ ಕಂಡಿತ್ತು. ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಸಿಕ್ಕಿತ್ತು. ಕೆ.ಆರ್. ನಗರದ ಮಗ್ಗುಲಿಗೇ ಆ ಹಿನ್ನೀರಿದೆ. ನೀರಿನ ಪರೀಕ್ಷೆ ಅಷ್ಟು ಮುಂದುವರಿದಿರುವಾಗ ಅಲ್ಲಿನ ತಾಯಿಮೀನಿನ ಯಕೃತ್ತನ್ನೂ ಮೊಟ್ಟೆಯನ್ನೂ ನೋಡಬೇಕಲ್ಲವೇ? ಮೊಟ್ಟೆಮೀನಿನ ಸಾರನ್ನು ಆಸೆಪಟ್ಟು ಉಣ್ಣುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಯಾವ ವಾರ ಯಾವ ಔಷಧಿ ಎಂಬುದು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರಕ್ಕೆ ಗೊತ್ತು. ಕೆರೆಗಳು ಮೀನುಗಾರಿಕೆ ಇಲಾಖೆಗೆ ಗೊತ್ತು. ಇಬ್ಬರೂ ಕೂತು ಏಪ್ರಿಲ್, ಜುಲೈ, ಡಿಸೆಂಬರ್ ಮೂರೂ ಸಲ ಒಂದೇ ಕೆರೆಯ ಮೀನು ಹಿಡಿಸಿ, ಗಂಡು ಹೆಣ್ಣು ಬೇರೆ ಮಾಡಿ, ಮಾಂಸ, ಯಕೃತ್ತು, ಮೊಟ್ಟೆಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಲಿ. ಈ ಮುಂಗಾರಿಗೇ ಶುರುವಾದರೂ ತಡವೇ.