ಒಡೆಯರಪಾಳ್ಯದ ನೆರೆಯವರು ಮತ್ತು ಪಂಚಾಯಿತಿಯ ಮತ

ಶಾಗ್ಯ ಗ್ರಾಮದ ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಗುರುಪಾದಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ ನಮ್ಮ ಪಂಕ್ತಿಯಲ್ಲಿಯೇ ಒಡೆಯರಪಾಳ್ಯದ ಟಿಬೆಟಿಯನ್ ರೈತರೊಬ್ಬರು ಕುಳಿತಿದ್ದರು. ಮನೆಯ ಯಜಮಾನರಿಗೂ ಅವರಿಗೂ ಮುಸುಕಿನ ಜೋಳದ ವ್ಯವಹಾರದಿಂದ ಬೆಳೆದ ಹಳೆಯ ಸ್ನೇಹ. ಮಾತು ಪಂಚಾಯಿತಿ ಚುನಾವಣೆಯ ಕಡೆಗೆ ಹೊರಳಿತು. ಹಿರಿಯರೊಬ್ಬರು ಸಹಜವಾಗಿ, ‘ನಿಮ್ಮ ಕಡೆ ಯಾರಿಗಪ್ಪ ಓಟು?’ ಎಂದು ಕೇಳಿದರು. ಅವರು ನಕ್ಕು, ‘ನಮಗೆ ಓಟು ಎಲ್ಲಿದೆ ಅಣ್ಣಾ? ಹುಟ್ಟಿದ್ದು ಇಲ್ಲೇ. ಕಾಗದದಲ್ಲಿ ಮಾತ್ರ ನಾನು ಫಾರಿನ್ನವನು’ ಎಂದರು. ಬಡಿಸುತ್ತಿದ್ದ ತರುಣನೊಬ್ಬ ತಟ್ಟನೆ, ‘ಜಮೀನು ಕೊಟ್ಟಾಯಿತು, ಇನ್ನು ಓಟೂ ಕೊಡಬೇಕೇ?’ ಎಂದುಬಿಟ್ಟ. ಪಂಕ್ತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಅತಿಥಿಯ ಎದುರು ಆಡಬಾರದಿದ್ದ ಮಾತು ಅದು. ಆದರೆ ಆ ತರುಣನ ಪ್ರಶ್ನೆಯನ್ನು ಗದರಿಸಿ ತಳ್ಳಿಹಾಕುವುದು ನಮಗೆ ಸರಿಯೆನಿಸಲಿಲ್ಲ. ಪ್ರಜೆಯಲ್ಲದವನಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಇರಬೇಕೆ ಎಂಬ ಚರ್ಚೆ ಇಂದು ಅನೇಕ ದೇಶಗಳಲ್ಲಿ ನಡೆದಿದೆ. ನಮ್ಮ ಹನೂರು ಸೀಮೆಗೆ ಅದು ದೂರದ ಸಂಗತಿಯೇನಲ್ಲ.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ, ಆಮೇಲೆ ಹುಣಸೂರಿನ ಬಳಿ ನೆಲೆ ಕೊಟ್ಟಿತು. ಈ ಔದಾರ್ಯದಲ್ಲಿ ಎಸ್. ನಿಜಲಿಂಗಪ್ಪನವರ ಪಾತ್ರವನ್ನು ದಲೈ ಲಾಮಾ ಅವರು ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1970ರ ದಶಕದ ಮೊದಲ ವರ್ಷಗಳಲ್ಲಿ ಲೊಕ್ಕನಹಳ್ಳಿಯಾಚೆ ಒಡೆಯರಪಾಳ್ಯದ ಕಾಡಂಚಿನಲ್ಲಿ ಧೊಂಡೆನ್‌ಲಿಂಗ್ ವಸಾಹತು ತಲೆಯೆತ್ತಿತು. ಝೋಗ್ಚೆನ್ ಮಠದ ಹೊಳೆಯುವ ಶಿಖರವನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಅಲ್ಲಿನವರು ಜೋಳ ಬೆಳೆಯುತ್ತಾರೆ, ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಮಳೆ ಕೈಕೊಟ್ಟರೆ, ಆನೆ ಹೊಲಕ್ಕೆ ನುಗ್ಗಿದರೆ ನಮ್ಮಂತೆಯೇ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ.

ಈಗ ಕಾನೂನಿನ ಮಾತು. ಲೋಕಸಭೆಗೂ ವಿಧಾನಸಭೆಗೂ ಮತ ನೀಡುವವನು ಭಾರತದ ಪ್ರಜೆಯಾಗಿರಬೇಕೆಂದು ಸಂವಿಧಾನದ 326ನೆಯ ವಿಧಿ ಹೇಳುತ್ತದೆ. ಪಂಚಾಯಿತಿಗೆ ಪ್ರತ್ಯೇಕ ಅಳತೆಗೋಲಿಲ್ಲ. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಮತದಾರರ ಪಟ್ಟಿಯೇ ಅದಕ್ಕೂ ಆಧಾರ. ಗ್ರಾಮಸಭೆಯ ಸದಸ್ಯತ್ವವೂ ಆ ಪಟ್ಟಿಯಲ್ಲಿ ಹೆಸರಿರುವವರಿಗೇ. ಹೀಗಾಗಿ ಪಟ್ಟಿಯಲ್ಲಿ ಇಲ್ಲದವನು ಮತವನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಕುಡಿಯುವ ನೀರು, ಬೀದಿದೀಪ, ಚರಂಡಿಗಳ ವಿಚಾರದಲ್ಲಿ ಎದ್ದು ನಿಂತು ಕೇಳುವ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ.

ಆದರೆ ನಮ್ಮ ಪಂಕ್ತಿಯಲ್ಲಿ ಕುಳಿತಿದ್ದ ಆ ರೈತರು ನಿಜವಾಗಿಯೂ ವಿದೇಶಿಯೇ? ಅವರು ಹುಟ್ಟಿದ್ದು 1976ರಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಆಗಿರಲಿ, ಕೆಲವೇ ಅಪವಾದಗಳ ಹೊರತು ಹುಟ್ಟಿನಿಂದಲೇ ಈ ದೇಶದ ಪ್ರಜೆಗಳು. ಇದು 1955ರ ಪೌರತ್ವ ಕಾಯಿದೆಯ 3ನೆಯ ಕಲಮು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. 2014ರ ಆರಂಭದಲ್ಲಿ ಚುನಾವಣಾ ಆಯೋಗವು ಇಂಥವರ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳುವಂತೆ ರಾಜ್ಯಗಳಿಗೆ ನಿರ್ದೇಶನವನ್ನೂ ಕೊಟ್ಟಿತು.

ಹಾಗಾದರೆ ತೊಡಕೆಲ್ಲಿ? ಒಂದೇ ಮನೆಯನ್ನು ನೋಡಿರಿ. ಹಿಮದ ಕಣಿವೆಗಳನ್ನು ನಡೆದು ದಾಟಿ ಬಂದ ಅಜ್ಜಿ ಕಾನೂನಿನಂತೆ ವಿದೇಶಿ. ಮಗ ಪ್ರಜೆ; ಆದರೂ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶೀಯರ ನೋಂದಣಿ ಪತ್ರ. 1987ರ ಜುಲೈ 1ರ ಬಳಿಕ ಹುಟ್ಟಿದ ಮೊಮ್ಮಗ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯೆಂದು ತೋರಿಸಬೇಕು. 2004ರ ಡಿಸೆಂಬರ್ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ಒಲೆ ಒಂದು, ಕಾನೂನು ನಾಲ್ಕು! ಸಾಲದ್ದಕ್ಕೆ, 2017ರಲ್ಲಿ ಭಾರತದ ಪಾಸ್‌ಪೋರ್ಟ್ ಕೋರುವ ಟಿಬೆಟಿಯನ್ನರು ನೋಂದಣಿ ಪತ್ರವನ್ನು ಒಪ್ಪಿಸಬೇಕು, ವಸಾಹತಿನಲ್ಲಿ ವಾಸಿಸಬಾರದು, ಅಲ್ಲಿನ ಸವಲತ್ತುಗಳನ್ನು ತೊರೆಯಬೇಕು ಎಂಬ ಷರತ್ತುಗಳನ್ನು ಕೇಂದ್ರ ಸರ್ಕಾರ ಮುಂದಿಟ್ಟಿತು. ಅದು ಪಾಸ್‌ಪೋರ್ಟಿನ ಮಾತಾದರೂ ಮತದ ಪಟ್ಟಿಗೆ ಅರ್ಜಿ ಹಾಕುವವನ ಎದೆಯಲ್ಲಿಯೂ ನಡುಕ ಹುಟ್ಟಿಸದೆ ಇರುತ್ತದೆಯೇ? ಪಂಚಾಯಿತಿಯ ಮತವೆಂದರೆ ಇದ್ದ ಊರಿನ ಮತ. ಅದಕ್ಕಾಗಿ ಕೈಚಾಚಿದರೆ ಊರೇ ಕೈತಪ್ಪೀತು ಎಂಬ ಭಯವಿದ್ದರೆ ಯಾವ ಸಂಸಾರಸ್ಥನು ಮುಂದೆ ಬಂದಾನು?

ಇನ್ನು ನಮ್ಮ ತರುಣನ ಮಾತಿಗೆ ಬರೋಣ. ಅದರಲ್ಲಿ ನೋವೂ ಇದೆ. ಇದೇ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳಿದ ಸೋಲಿಗರು ತಮ್ಮ ನೆಲದ ಹಕ್ಕಿಗಾಗಿ 2006ರ ಅರಣ್ಯ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು. ನಮ್ಮ ಊರುಗಳ ಭೂಹೀನ ಕುಟುಂಬಗಳು ಕೂಲಿ ಹುಡುಕಿ ಬೆಂಗಳೂರು, ತಮಿಳುನಾಡು ಸೇರಿವೆ. ಹೊರಗಿನವರಿಗೆ ಸಿಕ್ಕಿದ್ದು ತಮಗೇಕೆ ಸಿಗಲಿಲ್ಲ ಎಂದು ಅವರು ಕೇಳಿದರೆ ತಪ್ಪೇನು? ಆದರೆ ಆ ಪ್ರಶ್ನೆ ಹೋಗಬೇಕಾದದ್ದು ಸರ್ಕಾರದ ಬಾಗಿಲಿಗೆ. ಒಡೆಯರಪಾಳ್ಯದವರ ಹೆಸರು ಪಟ್ಟಿಯಿಂದ ಹೊರಗುಳಿದರೆ ಸೋಲಿಗರಿಗೆ ಒಂದು ಗುಂಟೆಯೂ ಹೆಚ್ಚಾಗಿ ದಕ್ಕುವುದಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ಟಿಬೆಟಿಯನ್ನರಿಗೆ ತಮ್ಮದೇ ದೇಶಭ್ರಷ್ಟ ಆಡಳಿತವಿದೆ. ಅದರ ಮುಖ್ಯಸ್ಥರನ್ನು 2001ರಿಂದ ಅವರೇ ನೇರವಾಗಿ ಚುನಾಯಿಸುತ್ತಾರೆ. ಅಲ್ಲಿಯೂ ಮತ, ಇಲ್ಲಿಯೂ ಮತವೇ? ನಮಗೆ ಇದು ದೊಡ್ಡ ಅಡ್ಡಿಯಾಗಿ ಕಾಣುವುದಿಲ್ಲ. ಧರ್ಮಶಾಲೆಯ ಆ ಆಡಳಿತ ಇಲ್ಲಿನ ಪಂಚಾಯಿತಿಯ ಬೀದಿದೀಪವನ್ನು ಹೊತ್ತಿಸುವುದಿಲ್ಲವಲ್ಲ!

ನಮ್ಮ ಮನೆಗಳ ಮಕ್ಕಳನ್ನೂ ಇಲ್ಲಿ ನೆನೆಯಬೇಕು. ಇಂದು ನಮ್ಮ ಸಮಾಜದ ಎಷ್ಟೋ ಕುಟುಂಬಗಳ ಮಗನೋ ಮಗಳೋ ಪರದೇಶದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಹಿಡಿದೇ ಲಂಡನ್ನಿನಲ್ಲಿ ನೆಲೆಸಿದ ಮಗಳು ಕಾಮನ್‌ವೆಲ್ತ್ ಪ್ರಜೆಯೆಂಬ ಕಾರಣಕ್ಕೆ ಅಲ್ಲಿನ ಪುರಸಭೆಗೂ ಸಂಸತ್ತಿಗೂ ಮತ ಹಾಕಬಹುದು. ನ್ಯೂಜಿಲೆಂಡಿನಲ್ಲಿ 1975ರಿಂದ ಕಾಯಂ ನಿವಾಸಿಗಳಿಗೆ ಮತವಿದೆ. ಸ್ವೀಡನ್ 1976ರಲ್ಲಿ ವಿದೇಶೀ ನಿವಾಸಿಗಳಿಗೆ ಸ್ಥಳೀಯ ಮತ ಕೊಟ್ಟಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 1990ರಲ್ಲಿ ಇಂಥ ಪ್ರಯತ್ನವನ್ನು ತಡೆಯಿತು. ನ್ಯೂಯಾರ್ಕ್ ನಗರವೂ ಇಂಥದೊಂದು ಕಾನೂನು ಮಾಡಿತ್ತು. 2025ರ ಮಾರ್ಚಿನಲ್ಲಿ ಅಲ್ಲಿನ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳುಹಿಸಿ, ಹಸಿರು ಚೀಟಿಗಾಗಿ ವರ್ಷಗಟ್ಟಲೆ ಕಾಯುವ ನಮ್ಮ ಮಗ ‘ನನಗೇಕೆ ಮಾತಿಲ್ಲ?’ ಎಂದು ಫೋನಿನಲ್ಲಿ ಕೊರಗಿದರೆ ನಾವು ಮರುಗುತ್ತೇವೆ. ಒಡೆಯರಪಾಳ್ಯದವರ ಕೊರಗು ಕೇಳಿಸಿದಾಗಲೂ ಅದೇ ಕಿವಿ ಇರಬೇಡವೆ?

ದೇಶದ ಆಡಳಿತವನ್ನು ನಿರ್ಧರಿಸುವ ಮತ ಪ್ರಜೆಗಳಿಗೇ ಇರಲಿ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಾನೂನು ಪ್ರಜೆಯೆಂದು ಒಪ್ಪಿದವನನ್ನು ಅಂಜಿಕೆಯಿಂದ ಹೊರಗೆ ನಿಲ್ಲುವಂತೆ ಮಾಡುವುದು ಅನ್ಯಾಯ. ಹೆಸರು ಸೇರಿಸಿದ ಮಾತ್ರಕ್ಕೆ ಮನೆ, ಹೊಲ ಹೋಗುವುದಿಲ್ಲವೆಂದು ಸರ್ಕಾರ ಬರೆದುಕೊಡಲಿ. ಅಜ್ಜಿಯಂತಹವರಿಗೆ ಮತವಿಲ್ಲದಿದ್ದರೂ ಗ್ರಾಮಸಭೆಯಲ್ಲಿ ಕುಳಿತು ನೀರಿನ ಕಷ್ಟ ಹೇಳಿಕೊಳ್ಳಲು ಅವಕಾಶವಾಗಲಿ. ಅದಕ್ಕೆ ಪಂಚಾಯಿತಿಯವರ ಮನಸ್ಸೊಂದೇ ಸಾಕು.

ಊಟವಾದ ಮೇಲೆ ಜಗಲಿಯಲ್ಲಿ ವೀಳ್ಯ ಹಾಕಿಕೊಳ್ಳುತ್ತ ನಾವು ಆ ರೈತರಿಗೆ ಆಯೋಗದ ನಿರ್ದೇಶನದ ವಿಷಯವನ್ನೂ ನಮೂನೆ 6ರ ವಿಷಯವನ್ನೂ ತಿಳಿಸಿದೆವು. ಅವರು ಕೇಳಿ ಸುಮ್ಮನಾದರು. ‘ತಾಯಿಯನ್ನು ಕೇಳಬೇಕು. ನೀನೂ ಇಲ್ಲಿಯವನಾಗಿಬಿಟ್ಟರೆ ವಾಪಸು ಹೋಗುವವರು ಯಾರು ಅಂತಾಳೆ’ ಎಂದರು. ಅಷ್ಟರಲ್ಲಿ ಬಡಿಸುತ್ತಿದ್ದ ಆ ತರುಣ ಮೋಟಾರ್ ಸೈಕಲ್ ತಂದು ನಿಲ್ಲಿಸಿ, ‘ಬನ್ನಿ ಅಣ್ಣಾ, ಹನೂರಿನ ತನಕ ಬಿಡ್ತೀನಿ, ಬಸ್ಸು ತಪ್ಪಿಹೋದೀತು’ ಎಂದು ಕರೆದ.